ಪಾಸ್‌ವರ್ಡ್ ತಾನಾಗೇ ತುಂಬ್ಕೊಳ್ಳೋದನ್ನ ಆಫ್ ಮಾಡ್ಬೇಕಾ?

ಪ್ರಶ್ನೆ: ಲಾಗಿನ್ ಪೇಜ್ ತೆಗೆದ ತಕ್ಷಣ ಬ್ರೌಸರ್ ನನ್ನ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ತಾನೇ ತುಂಬಿಬಿಡುತ್ತೆ. ಅದನ್ನ ಆಫ್ ಮಾಡು ಅಂತಾರೆ ಫ್ರೆಂಡ್ಸ್. ಆಫ್ ಮಾಡಿದ್ರೆ ಇಷ್ಟೊಂದು ಪಾಸ್‌ವರ್ಡ್ ನೆನಪಿಟ್ಕೊಳ್ಳೋದು ಹೇಗೆ ಸರ್?

ಉತ್ತರ: ನೆನಪಿಟ್ಕೊಳ್ಳೋದು ಬೇಡವೇ ಬೇಡ. ಸೇವ್ ಆಗಿರೋದು ಬೇರೆ, ಕೇಳದೇನೇ ತುಂಬೋದು ಬೇರೆ, ನೀವು ನಿಲ್ಲಿಸ್ಬೇಕಾಗಿರೋದು ಎರಡನೇದನ್ನ ಮಾತ್ರ.

ಯಾಕೆ ಅಂದ್ರೆ, ಪೇಜಲ್ಲಿ ನಮ್ಮ ಕಣ್ಣಿಗೆ ಕಾಣದ ಹಾಗೆ ಒಂದು ಲಾಗಿನ್ ಫಾರ್ಮ್ ಇಟ್ಟುಬಿಡಬಹುದು, ನಿಮಗೆ ಕಾಣಲ್ಲ ಆದ್ರೆ ಬ್ರೌಸರ್‌ಗೆ ಕಾಣುತ್ತೆ, ಅದು ಪಾಪ ನಂಬಿ ತುಂಬುತ್ತೆ, ಪಕ್ಕದಲ್ಲೇ ಕೂತಿರೋ ಸ್ಕ್ರಿಪ್ಟ್, ಅಂದ್ರೆ ಪೇಜಿನೊಳಗೆ ಓಡೋ ಪುಟ್ಟ ಪ್ರೋಗ್ರಾಂ, ಅದನ್ನ ಓದ್ಕೊಳ್ಳುತ್ತೆ. ಇದು ಬರೀ ಊಹೆ ಅಲ್ಲ. 2017ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಕ್ಕೂ ಹೆಚ್ಚು ಸೈಟ್‌ಗಳಲ್ಲಿ ಟ್ರ್ಯಾಕಿಂಗ್ ಸ್ಕ್ರಿಪ್ಟ್‌ಗಳು (ಬಂದವರ ಜಾಡು ಹಿಡಿಯೋವು) ಹೀಗೇ ಮಾಡ್ತಿದ್ದನ್ನ ಹಿಡಿದ್ರು. ಆಗ ಅವು ಎತ್ಕೊಳ್ತಿದ್ದಿದ್ದು ಇಮೇಲ್ ವಿಳಾಸ, ಆದ್ರೆ ಅದೇ ದಾರೀಲಿ ಪಾಸ್‌ವರ್ಡೂ ಹೋಗಬಹುದು.

ಫೈರ್‌ಫಾಕ್ಸ್‌ನಲ್ಲಿ ಸುಲಭ, ಸೆಟ್ಟಿಂಗ್ಸ್‌ನ ಪಾಸ್‌ವರ್ಡ್ ಭಾಗದಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ತಾನಾಗೇ ತುಂಬೋ ಆಯ್ಕೆಯ ಟಿಕ್ ತೆಗೀರಿ, ಸಾಕು. ಆಮೇಲೆ ಬಾಕ್ಸ್ ಖಾಲಿ ಇರುತ್ತೆ, ಅದರ ಮೇಲೆ ಕ್ಲಿಕ್ ಮಾಡಿದ್ರೆ ನಿಮ್ಮ ಅಕೌಂಟ್ ಕೆಳಗೆ ತೋರಿಸುತ್ತೆ, ಆರಿಸ್ಕೊಂಡ್ರೆ ಆಯ್ತು. ಒಂದೇ ಒಂದು ಕ್ಲಿಕ್ ಜಾಸ್ತಿ ಅಷ್ಟೇ.

ಕ್ರೋಮ್‌ನಲ್ಲಿ ಪಾಸ್‌ವರ್ಡ್ ಸೇವ್ ಮಾಡ್ಲಾ ಅಂತ ಕೇಳೋದನ್ನ ಆಫ್ ಮಾಡಿದ್ರೂ ಹಳೇದನ್ನ ತುಂಬ್ತಾನೇ ಇರುತ್ತೆ, ತುಂಬಾ ಜನ ಇಲ್ಲೇ ಎಡವ್ತಾರೆ. ಅದಕ್ಕೆ ನಾನು ಹೇಳೋದು, ಬಿಟ್‌ವಾರ್ಡನ್ ಥರದ ಬೇರೆ ಪಾಸ್‌ವರ್ಡ್ ಮ್ಯಾನೇಜರ್‌ಗೆ (ಪಾಸ್‌ವರ್ಡ್‌ಗಳನ್ನ ಜೋಪಾನವಾಗಿ ಇಡೋ ಆ್ಯಪ್) ಎಲ್ಲಾ ಸಾಗಿಸಿ, ಕ್ರೋಮ್‌ನಲ್ಲಿ ಇರೋದನ್ನ ಡಿಲೀಟ್ ಮಾಡಿ. ಬಿಟ್‌ವಾರ್ಡನ್ ಆದ್ರೆ ನೀವು ಹೇಳೋವರೆಗೂ ತುಂಬಲ್ಲ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಮ್ಯಾನೇಜರ್ ಬೇಡ, ಕೈಯಲ್ಲೇ ಟೈಪ್ ಮಾಡ್ತೀನಿ ಅಂತ ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಟ್ರೆ ಇದಕ್ಕಿಂತ ದೊಡ್ಡ ಅಪಾಯ. ಮ್ಯಾನೇಜರ್ ಸೈಟಿನ ವಿಳಾಸ ನೋಡಿ ಅಕೌಂಟ್ ತೋರಿಸುತ್ತೆ, ನೋಡೋಕೆ ಥೇಟ್ ನಿಮ್ಮ ಬ್ಯಾಂಕ್ ಥರಾನೇ ಇರೋ ನಕಲಿ ಪೇಜಲ್ಲಿ ಒಂದಕ್ಷರ ಬೇರೆ ಇದ್ರೂ ಸುಮ್ಮನಿರುತ್ತೆ. ಅದು ಸುಮ್ಮನಿದ್ರೆ ನೀವೂ ಕೈ ತೆಗೆದು ವಿಳಾಸ ಇನ್ನೊಂದ್ಸಲ ಓದಿ.

ಸಾಗಿಸೋವಾಗ ಕ್ರೋಮ್ ಕೊಡೋ ಸಿಎಸ್‌ವಿ ಫೈಲ್‌ನ ನೋಟ್‌ಪ್ಯಾಡಲ್ಲಿ ತೆಗೆದು ನೋಡಿ, ನಿಮ್ಮ ಅಷ್ಟೂ ಪಾಸ್‌ವರ್ಡ್ ಸಾಲಾಗಿ ಹಾಗೇ ಓದೋಕೆ ಸಿಗುತ್ತೆ. ಕೆಲಸ ಮುಗಿದ ಕೂಡಲೇ ಆ ಫೈಲ್ ಅಳಿಸಿ, ರೀಸೈಕಲ್ ಬಿನ್ನಿಂದಾನೂ.