ಐಸಿಯುನಲ್ಲಿರುವ ಮಗುವಿಗೆ ಮತ್ತೆ ಮತ್ತೆ ರಕ್ತ ಪರೀಕ್ಷೆ ಯಾಕೆ?

ಅಣ್ಣನ ಆರು ವರ್ಷದ ಮಗಳು ಜ್ವರ ನಂಜಾಗಿ ಐಸಿಯುನಲ್ಲಿದ್ದಾಳೆ, ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿಲ್ಲ ಅಂದಿದ್ದಾರೆ, ಆದರೂ ಬೆಳಿಗ್ಗೆ ಸಂಜೆ ರಕ್ತ ತೆಗೆಯುತ್ತಾರೆ, ಒಂದೇ ಸಲಕ್ಕೆ ಕಾಯಿಲೆ ಗೊತ್ತಾಗುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಕುಮಟಾದವನು, ಕಾರವಾರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಔಷಧದ ವಿಚಾರ ಡಾಕ್ಟರನ್ನೇ ಕೇಳಿ, ಪರೀಕ್ಷೆಯ ವಿಚಾರ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಒಂದೇ ಸಲಕ್ಕೆ ಗೊತ್ತಾಗುವುದು ಕಷ್ಟ. ಪಿಟಿ, ಎಪಿಟಿಟಿ ಅನ್ನುವ ಪರೀಕ್ಷೆಗಳು ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಹಿಡಿಯಿತು ಎಂದಷ್ಟೇ ಹೇಳುತ್ತವೆ. ಯಾಕೆ ತಡವಾಯಿತು ಎಂದು ನಾವು ಹುಡುಕಬೇಕು. ನಂಜು ಮೈಗೇರಿದಾಗ ರಕ್ತನಾಳದೊಳಗೇ ಸಣ್ಣ ಸಣ್ಣ ಹೆಪ್ಪು ಕಟ್ಟಿ, ಅದಕ್ಕೆ ಬೇಕಾದ ಅಂಶಗಳೆಲ್ಲ ಖರ್ಚಾಗಿಬಿಡುತ್ತವೆ. ಡಿಐಸಿ ಅನ್ನುವುದು ಇದಕ್ಕೇ. ಲಿವರ್ ಸೋತರೆ ಆ ಅಂಶಗಳು ತಯಾರಾಗುವುದೇ ಕಡಿಮೆ. ದಿನಗಟ್ಟಲೆ ಊಟವಿಲ್ಲದೆ ಆಂಟಿಬಯೋಟಿಕ್ ಮೇಲಿದ್ದ ಮಗುವಿಗೆ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕಡಿಮೆಯಾಗಿರಬಹುದು. ಮೂರರಲ್ಲೂ ಪಿಟಿ ಏರುತ್ತದೆ. ಅದಕ್ಕೇ ಪ್ಲೇಟ್‌ಲೆಟ್, ಫೈಬ್ರಿನೋಜನ್ (ಹೆಪ್ಪಿನ ಎಳೆಯಾಗುವ ಪ್ರೋಟೀನ್), ಡಿ-ಡೈಮರ್ (ಹೆಪ್ಪು ಕರಗಿದಾಗ ಉಳಿಯುವ ಚೂರು) ಕೂಡ ನೋಡುತ್ತಾರೆ. ವಿಟಮಿನ್ ಕೆ ಕೊಟ್ಟ ಮೇಲೆ ಪಿಟಿ ಇಳಿಯಿತೇ ಅನ್ನುವುದೂ ಒಂದು ಸುಳಿವು.

ಫೈಬ್ರಿನೋಜನ್ ಬಹಳ ಮೋಸ ಮಾಡುತ್ತದೆ. ಜ್ವರ, ನಂಜಿನಲ್ಲಿ ಅದು ತಾನಾಗಿಯೇ ಏರುತ್ತದೆ. ನಿನ್ನೆ 390 ಇದ್ದದ್ದು ಇಂದು 210 ಆಗಿದೆ ಅನ್ನಿ. ಎರಡೂ ನಾರ್ಮಲ್ ಅಂತಲೇ ರಿಪೋರ್ಟ್ ಬರುತ್ತದೆ, ಆದರೆ ಒಂದೇ ದಿನದಲ್ಲಿ ಅಷ್ಟು ಇಳಿದದ್ದನ್ನು ನೋಡಿ ಡಾಕ್ಟರ್ ಎಚ್ಚರವಾಗುತ್ತಾರೆ. ನಿನ್ನೆಯ ಸ್ಯಾಂಪಲ್ ಇಲ್ಲದಿದ್ದರೆ ಇಂದಿನದು ಏನೂ ಹೇಳುತ್ತಿರಲಿಲ್ಲ.

ಕೆಲವು ಸಲ ಟ್ಯೂಬಿನದೇ ತಪ್ಪಿರುತ್ತದೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ 1 ಪಾಲು ಸಿಟ್ರೇಟ್ ದ್ರವಕ್ಕೆ 9 ಪಾಲು ರಕ್ತ ಬೀಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪುಟ್ಟ ಮಗುವಿನ ನರ ಸಿಗದೆ, ಗೆರೆಗಿಂತ ಬೆರಳಗಲ ಕೆಳಗೇ ನಿಂತಿದ್ದ ಟ್ಯೂಬನ್ನು ನಾನು ಹಾಗೇ ಮಷೀನಿಗೆ ಹಾಕಿದ್ದೆ. ಎಪಿಟಿಟಿ ವಿಪರೀತ ಬಂತು, ಮನೆಯವರು ಗಾಬರಿಯಾದರು. ಹಿರಿಯರೊಬ್ಬರು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಕೈಯಿಂದ ತೆಗೆಸಿದರು. ಬಹುತೇಕ ಸರಿಯಾಗಿಯೇ ಬಂತು. ಇಂದಿಗೂ ಗೆರೆ ಮುಟ್ಟದ ಟ್ಯೂಬನ್ನು ನಾನು ವಾಪಸ್ ಕಳಿಸುತ್ತೇನೆ, ಬೈದರೂ ಸರಿ. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ) ಹಾಕಿದ ಲೈನಿನಿಂದ ರಕ್ತ ಎಳೆದರೂ ರಿಪೋರ್ಟ್ ಹೀಗೇ ತಪ್ಪಾಗಿ ಬರುತ್ತದೆ.

ಶಿರಸಿ ಕಡೆ ತೋಟದಲ್ಲಿ ಕೊಳಕುಮಂಡಲ ಕಚ್ಚಿದ ಮಕ್ಕಳಿಗೂ ಹೀಗೇ. ಒಣ ಗಾಜಿನ ಟ್ಯೂಬಿನಲ್ಲಿ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತೇವೆ. ಆಮೇಲೆ ಓರೆ ಮಾಡಿದರೆ ಗಟ್ಟಿ ಮೊಸರಿನ ಹಾಗೆ ನಿಲ್ಲಬೇಕು. ನೀರಾಗಿ ಹರಿದರೆ ವಿಷದ ಮದ್ದು ಕೊಟ್ಟು, 6 ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ.

ನೀವು ಮಾಡಬಹುದಾದದ್ದೂ ಇದೆ. ಮನೆತನದಲ್ಲಿ ಹಲ್ಲು ಕೀಳಿಸಿದಾಗ ಯಾರಿಗಾದರೂ ರಕ್ತ ನಿಲ್ಲದೆ ಹೋಗಿತ್ತೇ, ಮಗುವಿಗೆ ಮೊದಲು ಯಾವ ಔಷಧ ಕೊಟ್ಟಿದ್ದಿರಿ, ಡಾಕ್ಟರಿಗೆ ಹೇಳಿ. ಒಸಡಿನಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಜಿನುಗಿದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ರಿಪೋರ್ಟುಗಳನ್ನು ತಾರೀಖು, ಗಂಟೆ ಪ್ರಕಾರ ಜೋಡಿಸಿಡಿ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಕಳಿಸಿದರೆ ಆ ಫೈಲು ಮಗುವಿನ ಜೊತೆ ಅದೇ ಆಂಬುಲೆನ್ಸಿನಲ್ಲಿ ಹೋಗಲಿ.