ಜೆರುಸಲೇಂ ಆರ್ಟಿಚೋಕ್: ನೆಡುವ ಮೊದಲು ಜಾಗ ಯೋಚಿಸಿ, ತಿನ್ನುವ ಮೊದಲು ಹೊಟ್ಟೆ

ಹಿತ್ತಿಲಿನ ತರಕಾರಿ ಮಡಿಯಲ್ಲಿ ಜೆರುಸಲೇಂ ಆರ್ಟಿಚೋಕ್ ನೆಡಬಹುದೇ, ಅದನ್ನು ಹೇಗೆ ಬೇಯಿಸಬೇಕು, ತಿಂದರೆ ಹೊಟ್ಟೆ ಉಬ್ಬುತ್ತದೆ ಎನ್ನುವುದು ನಿಜವೇ ಎಂದು ಕೇಳಿದ್ದೀರಿ. ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ನಿಜ, ಆದರೆ ದಾರಿ ಇದೆ. ಮೊದಲನೆಯದಕ್ಕೆ: ನೆಡಿ, ಆದರೆ ತರಕಾರಿ ಮಡಿಯಲ್ಲಿ ಮಾತ್ರ ಬೇಡ.

ಇದು ಸೂರ್ಯಕಾಂತಿಯ ದಾಯಾದಿ; ತಿನ್ನುವುದು ನೆಲದೊಳಗಿನ ಗೆಡ್ಡೆಯನ್ನು. ಎರಡರಿಂದ ಮೂರು ಮೀಟರ್ ಎತ್ತರಕ್ಕೆ ಏರುತ್ತದೆ. ಪಕ್ಕದಲ್ಲಿ ಏನಿದ್ದರೂ ನೆರಳಿಗೆ ಸಿಕ್ಕಿ ಸೊರಗುತ್ತದೆ. ಅದಕ್ಕಿಂತ ದೊಡ್ಡ ತಾಪತ್ರಯ ನೆಲದೊಳಗಿನದು. ಅಗೆಯುವಾಗ ತಪ್ಪಿಸಿಕೊಂಡ ಬೆರಳುದ್ದದ ಚೂರೊಂದು ಮುಂದಿನ ವರ್ಷ ಪೂರ್ತಿ ಗಿಡವಾಗಿ ಎದ್ದು ನಿಲ್ಲುತ್ತದೆ, ಮತ್ತು ಚೂರುಗಳು ತಪ್ಪಿಸಿಕೊಂಡೇ ತೀರುತ್ತವೆ. ಹಾಗಾಗಿ ಇದಕ್ಕೆ ಬೇಲಿಯಂಚಿನ ಒಂದು ಮೂಲೆಯನ್ನು ಕಾಯಂ ಆಗಿ ಬರೆದುಕೊಟ್ಟುಬಿಡಿ. ಜಾಗವಿಲ್ಲದಿದ್ದರೆ, ಬುಡದಲ್ಲಿ ತೂತಿರುವ ದೊಡ್ಡ ಡ್ರಮ್ಮಿನಲ್ಲಿ ಬೆಳೆಯಿರಿ. ಮುಂದೆ ಎಂದಾದರೂ ಬೇಡವೆನಿಸಿದರೆ, ಹೊಸ ಚಿಗುರು ಮೊಣಕಾಲೆತ್ತರ ಬಂದಾಗ ಬೇರುಸಹಿತ ಕಿತ್ತುಹಾಕಿ. ಆಗ ಹಳೆಯ ಗೆಡ್ಡೆಯ ಸತ್ವವೆಲ್ಲ ಮೇಲಕ್ಕೆ ಹೋಗಿರುತ್ತದೆ, ಹೊಸ ಗೆಡ್ಡೆ ಇನ್ನೂ ಕಟ್ಟಿರುವುದಿಲ್ಲ. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ, ಬಂದಂತೆಲ್ಲ ಕೀಳುತ್ತಿರಬೇಕು.

ನೆಡುವುದರಲ್ಲಿ ಹೇಳಿಕೊಡುವಂಥದ್ದು ಹೆಚ್ಚಿಲ್ಲ. ಚಳಿ ಮುಗಿದು ಮಣ್ಣು ಸಡಿಲವಾದ ಮೇಲೆ, ಒಂದೆರಡು ಕಣ್ಣುಗಳಿರುವ ಗೆಡ್ಡೆಯನ್ನು 10ರಿಂದ 15 ಸೆಂಟಿಮೀಟರ್ ಆಳದಲ್ಲಿ, ಗಿಡದಿಂದ ಗಿಡಕ್ಕೆ ಸುಮಾರು 40 ಸೆಂಟಿಮೀಟರ್ ಬಿಟ್ಟು ಹೂಳಿ. ಬಿಸಿಲು ಬೇಕು, ನೀರು ನಿಲ್ಲಬಾರದು. ಗಿಡ ಮೊಣಕಾಲು ದಾಟಿದಾಗ ಬುಡಕ್ಕೆ ಮಣ್ಣು ಏರಿಸಿದರೆ ಗಾಳಿಗೆ ಬೀಳುವುದಿಲ್ಲ. ಗೆಡ್ಡೆ ಆರಿಸುವ ಅವಕಾಶವಿದ್ದರೆ ‘ಫ್ಯೂಸೋ’ ತಳಿಯನ್ನು ಹುಡುಕಿ. ಉದ್ದಕ್ಕೆ, ನಯವಾಗಿ ಬರುತ್ತದೆ. ಮಾಮೂಲಿ ತಳಿಗಳು ಶುಂಠಿಯಂತೆ ಗಂಟುಗಂಟಾಗಿರುತ್ತವೆ. ಆ ಗಂಟುಗಳ ಸಂದಿಯಲ್ಲಿ ಕೂತ ಮಣ್ಣನ್ನು ತೆಗೆಯುತ್ತಾ ಕೂತಾಗ ತಳಿಯ ಮಹತ್ವ ಗೊತ್ತಾಗುತ್ತದೆ.

ಹೂ ಬಿದ್ದ ಕೂಡಲೇ ಕಾಂಡ ಕತ್ತರಿಸಲು ಅವಸರ ಬೇಡ. ಕಾಂಡದಲ್ಲಿ ಶೇಖರವಾದ ಸಕ್ಕರೆ ಗಿಡ ಒಣಗುತ್ತಾ ಬಂದಂತೆ ಗೆಡ್ಡೆಗೆ ಇಳಿಯುತ್ತದೆ. ಎಲೆ ಪೂರ್ತಿ ಕಂದಿದ ಮೇಲೆ ಅಗೆಯಿರಿ, ಅದೂ ಆ ವಾರಕ್ಕೆ ಬೇಕಾದಷ್ಟು ಮಾತ್ರ. ಇದರ ಸಿಪ್ಪೆ ತೀರಾ ತೆಳು. ಆಲೂಗಡ್ಡೆಯ ಹಾಗೆ ಬುಟ್ಟಿಯಲ್ಲಿ ಇಟ್ಟರೆ ಕೆಲವೇ ದಿನಗಳಲ್ಲಿ ಸುಕ್ಕುಗಟ್ಟಿ ರಬ್ಬರಿನಂತಾಗುತ್ತದೆ. ಇದಕ್ಕೆ ನೆಲವೇ ಉಗ್ರಾಣ; ಅಗೆದದ್ದು ಉಳಿದರೆ ತೊಳೆಯದೆ ಒದ್ದೆ ಮರಳಿನಲ್ಲಿ ಹೂತು ತಂಪಾದ ಕಡೆ ಇಡಿ.

ಇನ್ನು ಹೊಟ್ಟೆಯ ವಿಚಾರ. 1605ರಲ್ಲಿ ಫ್ರೆಂಚ್ ಅನ್ವೇಷಕ ಸ್ಯಾಮ್ಯುಯೆಲ್ ಡಿ ಷಾಂಪ್ಲೇನ್ ಉತ್ತರ ಅಮೆರಿಕದ ಕೇಪ್ ಕಾಡ್‌ನಲ್ಲಿ ಮೂಲನಿವಾಸಿಗಳ ತೋಟಗಳಲ್ಲಿ ಈ ಗೆಡ್ಡೆಯನ್ನು ಕಂಡು ಅದರ ರುಚಿಯನ್ನು ಆರ್ಟಿಚೋಕ್ ಎಂಬ ಬೇರೆಯೇ ತರಕಾರಿಗೆ ಹೋಲಿಸಿದ. 1621ರ ಹೊತ್ತಿಗೇ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ಗುಡ್ಯರ್, ಹೇಗೆ ಬೇಯಿಸಿ ತಿಂದರೂ ನಾರುವ ವಾಯು ಎಬ್ಬಿಸುವ ಇದು ಮನುಷ್ಯರಿಗಿಂತ ಹಂದಿಗಳಿಗೇ ಲಾಯಕ್ಕು ಎಂದು ದೂರಿದ್ದಾನೆ. ಕಾರಣ ಇಷ್ಟೇ: ಈ ಗೆಡ್ಡೆ ಪಿಷ್ಟದ ಬದಲು ಇನ್ಯುಲಿನ್ ಎಂಬ ನಾರಿನಂಶವನ್ನು ಕೂಡಿಡುತ್ತದೆ. ಅದನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದ ಇನ್ಯುಲಿನ್ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅವು ಉಂಡು ಬಿಡುವುದೇ ಆ ವಾಯು. ಪಿಷ್ಟ ಕಡಿಮೆ ಇರುವುದರಿಂದ ರಕ್ತದ ಸಕ್ಕರೆ ಆಲೂಗಡ್ಡೆ ತಿಂದಾಗ ಏರುವಷ್ಟು ಏರುವುದಿಲ್ಲ ಎನ್ನುವುದು ಇದೇ ಗುಣದ ಇನ್ನೊಂದು ಮುಖ.

ದಾರಿ ಎಂದೆನಲ್ಲ, ಅದರ ಅರ್ಧ ಭಾಗ ತಾಳ್ಮೆ. ಚಳಿಯಲ್ಲಿ ನೆಲದೊಳಗೇ ಉಳಿದ ಗೆಡ್ಡೆಯಲ್ಲಿ ಇನ್ಯುಲಿನ್ ಸ್ವಲ್ಪ ಸ್ವಲ್ಪವೇ ಒಡೆದು ಸಕ್ಕರೆಯಾಗುತ್ತದೆ. ತಡವಾಗಿ ಅಗೆದದ್ದು ಹೆಚ್ಚು ಸಿಹಿ, ಹೊಟ್ಟೆಗೂ ಹಗುರ. ಉಳಿದರ್ಧ ಹುಳಿ. ನಾನು ಮಾಡುವುದು ಹೀಗೆ: ಗೆಡ್ಡೆಯ ಗಂಟುಗಳನ್ನು ಕೈಯಿಂದಲೇ ಮುರಿದು, ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತೇನೆ. ಸಿಪ್ಪೆ ಸುಲಿಯುವುದಿಲ್ಲ, ಅದರಲ್ಲೇ ರುಚಿ ಇದೆ. ಬೆರಳು ದಪ್ಪದ ಬಿಲ್ಲೆಗಳಾಗಿ ಹೆಚ್ಚಿದ ಕೂಡಲೇ ನಿಂಬೆರಸ ಬೆರೆಸಿದ ನೀರಿಗೆ ಹಾಕುತ್ತೇನೆ, ಇಲ್ಲದಿದ್ದರೆ ನೋಡನೋಡುತ್ತಲೇ ಕಂದುತ್ತವೆ. ಬೇಯಿಸುವ ನೀರಿಗೂ ನಿಂಬೆರಸವನ್ನು ಧಾರಾಳವಾಗಿ ಹಿಂಡಿ, ಉಪ್ಪು ಹಾಕಿ, ಕಾಲು ಗಂಟೆ ಕುದಿಸಿ ಆ ನೀರನ್ನು ಚೆಲ್ಲುತ್ತೇನೆ. ಹುಳಿ ಇನ್ಯುಲಿನ್ನನ್ನು ಒಂದಷ್ಟು ಒಡೆಯುತ್ತದೆ, ಒಂದಷ್ಟು ನೀರಿಗೆ ಬಿಟ್ಟುಕೊಂಡು ಹೋಗುತ್ತದೆ. ಹುಳಿಯಿಂದ ಇನ್ನೊಂದು ಲಾಭವೂ ಇದೆ: ಬಿಲ್ಲೆಗಳು ಗಟ್ಟಿಯಾಗಿಯೇ ಉಳಿಯುತ್ತವೆ. ಬರಿ ನೀರಿನಲ್ಲಿ ಬೇಯಿಸಿದರೆ ಈ ಗೆಡ್ಡೆ ಬೇಯದೇ ಬೇಯದೇ ಇದ್ದು, ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಮುದ್ದೆಯಾಗಿರುತ್ತದೆ.

ಬೆಂದ ಬಿಲ್ಲೆಗಳನ್ನು ಬಟ್ಟೆಯ ಮೇಲೆ ಹರಡಿ ನೀರು ಆರಿಸಿ, ಕಾದ ಬಾಣಲೆಯಲ್ಲಿ ಬೆಣ್ಣೆಯೊಡನೆ ಒಂದರ ಮೇಲೊಂದು ಬೀಳದಂತೆ ಜೋಡಿಸಿ. ಕೆದಕಬೇಡಿ. ಅಂಚು ಕೆಂಪಗಾಗಿ, ಹುರಿದ ಬೀಜದಂಥ ವಾಸನೆ ಏಳುವಾಗ ಒಮ್ಮೆ ಮಗುಚಿ, ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಉದುರಿಸಿ ಇಳಿಸಿ. ಹೊರಗೆ ಗರಿ, ಒಳಗೆ ಕೆನೆ. ಸೂಪ್ ಮಾಡುವವರೇ ಹೆಚ್ಚು, ಚೆನ್ನಾಗಿಯೂ ಇರುತ್ತದೆ. ಆದರೆ ಸೂಪಿನಲ್ಲಿ ಎಷ್ಟು ಗೆಡ್ಡೆ ಒಳಗೆ ಹೋಯಿತೆಂದು ಗೊತ್ತಾಗುವುದೇ ಇಲ್ಲ, ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ. ಹಸಿಯಾಗಿ ಕೋಸಂಬರಿಗೆ ಹೆಚ್ಚಿ ಹಾಕಿದರೆ ಕರುಮ್ ಕುರುಮ್ ಎನ್ನುತ್ತದೆ, ವಾಯುವಿನ ಕಾಟವೂ ಆಗಲೇ ಹೆಚ್ಚು.

ಮೊದಲ ಸಲ ನಾಲ್ಕೈದು ಬಿಲ್ಲೆ ಸಾಕು. ಒಬ್ಬೊಬ್ಬರ ಹೊಟ್ಟೆ ಒಂದೊಂದು ಥರ, ಕೆಲವರಿಗೆ ಏನೂ ಆಗುವುದಿಲ್ಲ; ವಾರಕ್ಕೆ ಒಂದೆರಡು ಸಲ ಸ್ವಲ್ಪ ಸ್ವಲ್ಪ ತಿನ್ನುತ್ತಾ ಬಂದರೆ ಹಲವರಿಗೆ ಒಗ್ಗುತ್ತದೆ. ಕರುಳಿನ ತೊಂದರೆ ಇರುವವರು, ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಆಗಿಬರದವರು ಇದರ ಗೊಡವೆಗೆ ಹೋಗದಿರುವುದೇ ವಾಸಿ.