2017-18: ಪಟ್ಟಿಯಲ್ಲಿ ಮೊದಲು, ಆದರೂ ಬೆಂಗಳೂರಿಗೆ ಕಪ್ ಯಾಕಿಲ್ಲ?

ನಮಸ್ಕಾರ. 2017-18ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ಸ್ಥಾನದಲ್ಲಿದ್ದರೂ ಚಾಂಪಿಯನ್ ಯಾಕಲ್ಲ ಅಂತ ಕೇಳಿದ್ದೀರಿ. ನೀವು ಪಟ್ಟಿಯನ್ನು ಸರಿಯಾಗಿಯೇ ಓದಿದ್ದೀರಿ. 18 ಪಂದ್ಯಗಳಲ್ಲಿ 13 ಗೆಲುವು, 40 ಅಂಕ. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32 ಮಾತ್ರ. ಆದರೆ ಆಗ ಲೀಗ್ ಮುಗಿದ ಮೇಲೆ ಮೊದಲ ನಾಲ್ಕು ತಂಡಗಳು ಸೆಮಿಫೈನಲ್ ಆಡಬೇಕಿತ್ತು. ಫೈನಲ್ ಗೆದ್ದವರೇ ಚಾಂಪಿಯನ್.

2018ರ ಮಾರ್ಚ್ 17, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಚೆನ್ನೈಯಿನ್ ವಿರುದ್ಧ ಫೈನಲ್. ಒಂಬತ್ತನೇ ನಿಮಿಷಕ್ಕೇ ನಮ್ಮ ಸುನಿಲ್ ಛೆಟ್ರಿ ತಲೆಯಿಂದ ಗೋಲು ಹೊಡೆದರು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಸಲ ತಲೆ ಕೊಟ್ಟರು, ಎರಡೂ ಗೋಲು. ಕೊನೆಗೆ 3-2, ನಮ್ಮೂರಲ್ಲೇ ಸೋಲು. ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ಇಡೀ ಸೀಸನ್ ಚೆನ್ನಾಗಿ ಆಡಿದವರಿಗೆ ಒಂದೇ ಸಂಜೆಯಲ್ಲಿ ಎಲ್ಲ ಹೋಗುವುದು ನನಗೆ ಸರಿ ಅನ್ನಿಸಲ್ಲ. 2013-14ರ ಐ-ಲೀಗ್ ಎಂಬ ಇನ್ನೊಂದು ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ ಹೀಗಿರಲಿಲ್ಲ, ಅಲ್ವಾ? ಜಾಸ್ತಿ ಅಂಕ ಗಳಿಸಿದವರಿಗೇ ಕಪ್. ಬೆಂಗಳೂರು ತನ್ನ ಮೊದಲ ಸೀಸನ್‌ನಲ್ಲೇ ಅದನ್ನು ಗೆದ್ದಿತ್ತು.

ಐಎಸ್‌ಎಲ್ ಕಪ್ 2018-19ರಲ್ಲಿ ಬಂತು. ಗೋವಾ ವಿರುದ್ಧ, ಹೆಚ್ಚುವರಿ ಸಮಯದಲ್ಲಿ, ರಾಹುಲ್ ಭೇಕೆ ಹೊಡೆದ ಒಂದೇ ಗೋಲಿನಿಂದ.